ಶ್ರಾವಣ ಬಂದರೂ ಬಾರದ ಗಾಡಿ

ರಾಯದುರ್ಗ, ಶ್ರಾವಣ, ೧೯೨೩

ಮಡಕಶಿರದ ಬೀಗರು ಬೊಮ್ಮಣ್ಣನವರಿಗೆ ಸೂರಪ್ಪನ ನಮಸ್ಕಾರ.

ಆಷಾಢಕ್ಕೆ ತವರಿಗೆ ಬಂದ ನಿಮ್ಮ ಸೊಸೆ ಚಿನ್ನಕ್ಕನನ್ನು ಕರೆದೊಯ್ಯಲು ಶ್ರಾವಣ ಬಂದರೂ ಯಾರೂ ಬರಲಿಲ್ಲ. ಕಾರಣ ಗೊತ್ತೈತ್ರಿ. ನಿಮ್ಮೂರ ಕಾಂಗ್ರೆಸ್ ಸಭೆಯಲ್ಲಿ ನೀವು ಸರ್ಕಾರದ ಮದ್ರಾಸ್ ಕೌನ್ಸಿಲಿಗೆ ನಮ್ಮವರು ಚುನಾವಣೆಗೆ ನಿಲ್ಲೋದು ಬೇಡ, ರಾಟೆ ತಿರುಗಿಸಿದರೆ ಸಾಕು ಎಂದಿರಿ. ಆಕೆ ನಿಮ್ಮೆದುರಿಗೇ ಕೌನ್ಸಿಲಿಗೆ ಹೋಗಬೇಕೆನ್ನುವವರ ಕಡೆ ಕೈ ಎತ್ತಿದಳು. ನಾನೂ ಆ ಗುಂಪಿನವನೇ ಆದ್ದರಿಂದ ಅಪ್ಪ ಹೇಳಿಕೊಟ್ಟಿದ್ದಾನೆಂದು ನಿಮ್ಮ ಅನುಮಾನ.

ಹಂಗಾದರೆ ಮೊನ್ನೆಯದು ಕೇಳ್ರಿ. ಇಲ್ಲಿಯ ಸಭೆಯಲ್ಲಿ ನಮ್ಮ ಗುಂಪು ಕೌನ್ಸಿಲಿಗೆ ಒಬ್ಬ ಸಾಹುಕಾರರ ಹೆಸರು ಹೇಳಿತು. ನಾನೇ ಎದ್ದು ಹೊಗಳಿದೆ. ಹಿಂದಿನಿಂದ ಚಿನ್ನಕ್ಕ ಎದ್ದಳು.

"ಅಪ್ಪಾ, ಈ ಪುಣ್ಯಾತ್ಮರ ಮೈಮ್ಯಾಲಿರೋದು ಖಾದಿ ಅಲ್ಲ, ವಿಲಾಯ್ತಿ ಸೀಮೆ ಬಟ್ಟೆ. ಇಂಥೋರ್ನ ಕಳಿಸೋದಾದ್ರ ನಮ್ಮ ಮಾವ ಹೇಳಿದ್ದೇ ಸರಿ, ಯಾರೂ ಹೋಗೋದು ಬ್ಯಾಡ."

ಸಭೆಯೆಲ್ಲ ನಕ್ಕಿತು, ನಾವು ಸೋತೆವು. ಸಂತೆಯಲ್ಲಿ ಬರೀ ಮಾತಿನಿಂದ ಕಂಬಳಿ ಅಂಗಡಿ ಕಟ್ಟಿದ ನಾನು ಪೇಟ ಸರಿಮಾಡಿಕೊಂಡು ಕೂತುಬಿಟ್ಟೆ. ಮನೆಗೆ ಬರುವಾಗ ಮಾತ್ರ ಎದೆ ಉಬ್ಬಿತ್ತು.

ಆಕೆ ನನ್ನ ಗುಂಪಿನವಳಲ್ಲ, ನಿಮ್ಮ ಗುಂಪಿನವಳೂ ಅಲ್ಲ. ಗಾಡಿ ಕಟ್ಟಿಕೊಂಡು ಮರ್ಯಾದೆಯಿಂದ ಕರೆಯಲು ಬರ್ರಿ. ಆಕೆಯ ಬಾಯಲ್ಲಿ ತಪ್ಪಾಯಿತು ಅನ್ನಿಸಿಯೇ ಕರೆದೊಯ್ಯುವ ಆಸೆಯಿದ್ದರೆ ಎತ್ತುಗಳಿಗೆ ಯಾಕ ಶ್ರಮ? ಹೆತ್ತಪ್ಪನಾದ ನನ್ನ ಕೈಲೇ ಅದು ಆಗಲಿಲ್ಲ.

ನಿಮ್ಮ ದಾರಿ ನೋಡುತ್ತಿರುವ,
ಸೂರಪ್ಪ