ಲಿಫ್ಟಿನಲ್ಲಿ ಸಿಕ್ಕಿಬಿದ್ದ ಅತ್ತೆ, ಈಮೇಲಿನಲ್ಲಿ ಸಿಕ್ಕಿಬಿದ್ದ ವಿಡಿಯೋ

ಲಿಫ್ಟ್ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಅತ್ತೆ ಲಿಫ್ಟಿನಲ್ಲಿ ಸಿಕ್ಕಿಬಿದ್ದ ಇಪ್ಪತ್ತೆರಡು ನಿಮಿಷಗಳ ವಿಡಿಯೋವನ್ನು ನಿಮ್ಮ ಕಚೇರಿ ಅಳಿಸಿಹಾಕಿದೆ. ಅಳಿಸಿದ್ದು ಸಾಲದೆ, 'ಸಾಕ್ಷ್ಯ ಲಭ್ಯವಿಲ್ಲದ ಕಾರಣ ಲಿಫ್ಟ್ ಸುಸ್ಥಿತಿಯಲ್ಲಿದೆ' ಎಂದು ಪತ್ರವನ್ನೂ ಬರೆದಿದೆ. ಕನ್ನಡಿ ಒಡೆದರೆ ಮೊಡವೆ ಮಾಯ ಎನ್ನುವ ಈ ತರ್ಕಕ್ಕೆ ಏನು ಹೇಳಲಿ?

ನಮ್ಮದು ನಾಲ್ಕನೇ ಮಹಡಿ. ಅತ್ತೆಗೆ ಮಂಡಿನೋವು. ದಿನಾ ಸಂಜೆ ಲಿಫ್ಟಿನಲ್ಲಿಳಿದು, ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಗೆಳತಿಯ ಜೊತೆ ಕೂತು ಇಡೀ ಕಟ್ಟಡದ ಜಾತಕ ಜಾಲಾಡಿ ಬರುವುದೇ ಅವರಿಗಿದ್ದ ಒಂದು ಸುಖ. ಅಂದು ಲಿಫ್ಟು ಮೂರು–ನಾಲ್ಕರ ನಡುವೆ ನಿಂತುಬಿಟ್ಟಿತು. ಕಾವಲುಗಾರ ಮೆಕ್ಯಾನಿಕನನ್ನು ಕರೆಯಲು ಓಡಿದ. ನಾನು ನಾಲ್ಕನೇ ಮಹಡಿಯಲ್ಲೇ ನಿಂತು ಜಾಲರಿ ಬಾಗಿಲಿನ ಮೂಲಕ ವಿಡಿಯೋ ತೆಗೆದೆ. 'ದೋಷಗಳನ್ನು ವಿಡಿಯೋ ಸಾಕ್ಷ್ಯದೊಂದಿಗೆ ಈಮೇಲ್ ಮೂಲಕವೇ ತಿಳಿಸಿ' ಎಂದು ಲಿಫ್ಟಿನ ಗೋಡೆಯಲ್ಲಿ ಬರೆಸಿದವರು ನೀವೇ ಅಲ್ಲವೇ?

ಈಮೇಲ್ ವಾಪಸ್ ಬಂತು. ಕಡತ ತೀರಾ ದೊಡ್ಡದಂತೆ. ಫೋನ್ ಮಾಡಿದರೆ ನಿಮ್ಮ ಗುಮಾಸ್ತರು, "ತುಂಡು ತುಂಡು ಮಾಡಿ ಕಳಿಸಿ ಸರ್" ಅಂದರು. ನಲವತ್ತನಾಲ್ಕು ತುಂಡು ಮಾಡಿ ಕಳಿಸಿದೆ. ನೀವು ನಲವತ್ತನಾಲ್ಕು ದೂರು ದಾಖಲಿಸಿಕೊಂಡಿರಿ. ಇರುವ ಒಂದೇ ಲಿಫ್ಟಿಗೆ ಇಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ಹದಿನೇಳನೇ ತುಂಡಿನಲ್ಲಿ ಅತ್ತೆ, "ಸಿನಿಮಾ ತೆಗೀತಾ ನಿಂತಿದ್ದೀಯಲ್ಲೋ, ನಾಚಿಕೆ ಆಗಲ್ವಾ?" ಎಂದು ನನ್ನನ್ನು ಬೈಯುತ್ತಾರೆ. ಅದನ್ನು ಕೌಟುಂಬಿಕ ಕಲಹವೆಂದು ಬೇರೆ ಇಲಾಖೆಗೆ ವರ್ಗಾಯಿಸಿದಿರಿ. ಮಿಕ್ಕವನ್ನು 'ಅಪೂರ್ಣ' ಎಂದು ತಳ್ಳಿಹಾಕಿದಿರಿ.

ಆಗ ಮಗಳು ಹೇಳಿದಳು: "ಅಪ್ಪಾ, ವಿಡಿಯೋನ ಆನ್‌ಲೈನ್‌ನಲ್ಲಿ ಇಟ್ಟು ಲಿಂಕ್ ಮಾತ್ರ ಕಳಿಸು. ಸಾಮಾನು ಹೊರೋ ಬದಲು ಗೋದಾಮಿನ ಕೀ ಕೊಟ್ಟ ಹಾಗೆ." ಮೂವತ್ತು ವರ್ಷದಿಂದ ಬೀಗ ರಿಪೇರಿ ಮಾಡುವವನು ನಾನು, ಕೀ ಎಂದ ಕೂಡಲೇ ಅರ್ಥವಾಯಿತು. ಲಿಂಕ್ ಕಳಿಸಿ, ತುಂಬಿ ತುಳುಕುತ್ತಿದ್ದ ಫೋನಿನಿಂದ ವಿಡಿಯೋವನ್ನೂ ಅದರ ತುಂಡುಗಳನ್ನೂ ತೆಗೆದುಹಾಕಿದೆ. 'ತೆರೆಯಲು ಅನುಮತಿಯಿಲ್ಲ' ಎಂದು ನಿಮ್ಮ ಉತ್ತರ ಬಂತು. ಸಿಟ್ಟಿನಲ್ಲಿ ನೋಡುವ, ತಿದ್ದುವ, ಅಳಿಸುವ ಅನುಮತಿಗಳನ್ನೆಲ್ಲ ಕೊಟ್ಟುಬಿಟ್ಟೆ. ಗಿರಾಕಿಗೆ ಕೀ ಗೊಂಚಲನ್ನೇ ಕೊಡಬಾರದೆಂದು ಅಂಗಡಿಯಲ್ಲಿ ಕೂತು ಊರಿಗೆಲ್ಲ ಬುದ್ಧಿ ಹೇಳುವವನು ನಾನೇ.

ಮರುದಿನ ವಿಡಿಯೋ ಇಲ್ಲ. ಗುಮಾಸ್ತರನ್ನು ಕೇಳಿದೆ.

"ನೋಡಿಯಾದ ಮೇಲೆ ಕಡತ ಇಟ್ಕೊಳ್ಳೋ ಹಾಗಿಲ್ಲ ಸರ್, ನಮ್ಮಲ್ಲಿ ನಿಯಮ. ಕಸದ ಬುಟ್ಟೀನೂ ಖಾಲಿ ಮಾಡಿದ್ವಿ."

"ಅಂದ್ರೆ ನೋಡಿದ್ರಿ ತಾನೇ?"

"ಅಯ್ಯೋ, ಎಲ್ಲರೂ ಕೂತು ನೋಡಿದ್ವಿ. ನಿಮ್ಮತ್ತೆ ತುಂಬ ಚೆನ್ನಾಗಿ ಮಾತಾಡ್ತಾರೆ."

ಹಾಗಾದರೆ ಲಭ್ಯವಿಲ್ಲದ್ದು ಸಾಕ್ಷ್ಯವೋ, ನಿಮ್ಮ ಕಚೇರಿಗೆ ಕಣ್ಣೋ?

ಲಿಫ್ಟು ಈಗಲೂ ಮನಸ್ಸು ಬಂದಾಗ ಅಲ್ಲೇ ನಿಲ್ಲುತ್ತದೆ. ಅತ್ತೆ ಅದರೊಳಗೆ ಕಾಲಿಡುವುದಿಲ್ಲ. ಹತ್ತೊಂಬತ್ತು ದಿನಗಳಿಂದ ಕೆಳಗಿಳಿದಿಲ್ಲ. ಮೊದಮೊದಲು ಕಿಟಕಿಯಿಂದಲೇ ಗೆಳತಿಯೊಡನೆ ಮಾತಾಡುತ್ತಿದ್ದರು. ಆಕೆಗೆ ಕಿವಿ ಮಂದ. ಗುಟ್ಟುಗಳೆಲ್ಲ ಬೀದಿಪಾಲಾಗಿ ಇಬ್ಬರು ಬಾಡಿಗೆದಾರರು ಜಗಳಾಡಿದ ಮೇಲೆ ಗೆಳತಿ ಬರುವುದನ್ನೇ ಬಿಟ್ಟರು. ಅತ್ತೆ ಈಗ ಸಂಜೆ ಸುಮ್ಮನೆ ಕೂರುತ್ತಾರೆ. ಬೈಗುಳಕ್ಕೆ ಹೆದರುತ್ತಿದ್ದ ನನಗೆ ಆ ಮೌನವೇ ಹೆಚ್ಚು ಸಂಕಟ ಕೊಡುತ್ತಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನೀವೇ ಬನ್ನಿ, ಲಿಫ್ಟಿನಲ್ಲೇ ಬನ್ನಿ. ನಾಲ್ಕನೇ ಮಹಡಿ ತಲುಪಿದರೆ ದೂರು ವಾಪಸ್ ಪಡೆಯುತ್ತೇನೆ. ತಲುಪದಿದ್ದರೂ ಚಿಂತೆ ಬೇಡ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಮೆಕ್ಯಾನಿಕ್ ಬರುವವರೆಗೆ ನಿಮ್ಮನ್ನು ಮಾತಾಡಿಸಲು ಅತ್ತೆ ಒಪ್ಪಿದ್ದಾರೆ. ಹತ್ತೊಂಬತ್ತು ದಿನಗಳ ಮಾತು ಬಾಕಿಯಿದೆ.

ಇಂತಿ,
ನಲವತ್ತನಾಲ್ಕು ದೂರುಗಳ ಒಡೆಯ, ಒಬ್ಬರೇ ಅತ್ತೆಯ ಅಳಿಯ