ತಲೆಮಾರು ಎಲ್ಲಿಗೆ ಮುಗೀತು?

ಮೆದಾನ್, ಸೋಮವಾರ

ಅಪ್ಪಾ,

ಹೆಣ್ಣು ಮಗು! ನಿಮ್ಮದೇ ಮೂಗು, ನಿಮ್ಮದೇ ಗಂಟಲು. ಅತ್ತರೆ ಇಡೀ ಆಸ್ಪತ್ರೆ ಎದ್ದು ಕೂರುತ್ತೆ. ನೀವು ಫೋನ್ ಎತ್ತಲ್ಲ, ಅದಕ್ಕೇ ತೋಬಾ ಸರೋವರದ ನಮ್ಮೂರ ಕಡೆ ಹೊರಟ ಬಸ್ಸಿನ ಡ್ರೈವರ್ ಕೈಲಿ ಈ ಪತ್ರ ಕಳಿಸ್ತಿದ್ದೀನಿ.

ನೋಡೋಕೆ ಬಂದ ಚಿಕ್ಕಪ್ಪ ತೊಟ್ಟಿಲ ಪಕ್ಕದಲ್ಲೇ ವಾದಕ್ಕೆ ಕೂತರು. "ಮಗಳ ಮಗು ಅಳಿಯನ ಕುಲದ್ದಮ್ಮಾ. ನಮ್ಮ ತಲೆಮಾರು ನಿಮ್ಮಣ್ಣ ಮಂಗಾತೂರನಿಗೇ ಮುಗೀತು" ಅಂದ್ರು. ನಾನು ಬಿಡ್ತೀನಾ? "ಹಾಗಾದ್ರೆ ಮಗಳ ಮಗುವಿನ ಹೆಸರು ಸೇರಿಸಿಯೂ ಅಜ್ಜನನ್ನ 'ಇಂಥವಳ ಓಂಪು', ಅಂದ್ರೆ ಇಂಥವಳ ಅಜ್ಜ, ಅಂತ ಕರೆಯೋ ಪದ್ಧತಿ ನಮ್ಮ ಹಿರೀಕರು ಯಾಕಿಟ್ರು? ಬಾಯಿ ಚಪಲಕ್ಕಾ?" ಅಂದೆ. ಚಿಕ್ಕಪ್ಪ ನನಗೆ ಅಂತ ತಂದಿದ್ದ ಮೀನಿನ ತಟ್ಟೆ ಕಡೆ ತಿರುಗಿದ್ರು. ಅಂದ್ರೆ ಸೋತ್ರು!

ಅಣ್ಣ ಸರೋವರದಿಂದ ವಾಪಸ್ ಬರದೇ ಹೋದ ಮೇಲೂ ಊರು ನಿಮ್ಮನ್ನ "ಮಂಗಾತೂರನ ಅಪ್ಪ" ಅಂತಲೇ ಕೂಗುತ್ತೆ. ಅದು ಕಿವಿಗೆ ಬೀಳಬಾರದು ಅಂತ ನೀವು ಹೆಂಡದಂಗಡಿಗೆ ಹಾಡೋಕೂ ಹೋಗ್ತಿಲ್ಲವಂತೆ.

ಇವಳಿಗಿನ್ನೂ ಹೆಸರಿಟ್ಟಿಲ್ಲ. ಎಲ್ಲಾ ಹೆಣ್ಣು ಪಾಪುಗಳಿಗೂ ಅನ್ನೋ ಹಾಗೆ ಸದ್ಯಕ್ಕೆ "ಬುತೆತ್" ಅಂತಿದ್ದೀವಿ. ಹೆಸರು ನೀವೇ ಇಡೋದಕ್ಕೆ ಅತ್ತೆ ಮನೆಯವರೂ ಒಪ್ಪಿದ್ದಾರೆ. ಬರುವಾಗ ಅಮ್ಮನ ಉಲೊಸ್ ಶಾಲು ತನ್ನಿ, ಮಗೂನ ಅದರಲ್ಲೇ ಸುತ್ತಬೇಕು. ಗಸಗಸೆ ಬಣ್ಣದ್ದಲ್ಲ, ಕೆಂಪಂಚಿನದು.

ಹೆಸರನ್ನ ಮಾತ್ರ ನಿಧಾನವಾಗಿ ಆರಿಸಿ, ಅಪ್ಪಾ. ಇನ್ನು ಮೇಲೆ ಊರೆಲ್ಲ ನಿಮ್ಮನ್ನೂ ಅದೇ ಹೆಸರು ಹಿಡಿದು ಕೂಗೋದು. ಕೂಗಿದರೆ ತಿರುಗಿ ನೋಡಬೇಕು ಅನ್ನಿಸುವಂಥದ್ದು ಇರಲಿ.

ಬಸ್ ನಿಲ್ದಾಣದ ಕಡೆಗೇ ಕಣ್ಣಿಟ್ಟಿರುವ,
ತಿಯೂರ್ಮಾ