ಮಂಗಳ ಗ್ರಹಕ್ಕೆ ಬಡಿಯದ ಧೂಮಕೇತು

ಔರಾದ, ೨-೫-೧೯೫೭

ಭಾಲ್ಕಿಯ ಬೀಗರಾದ ಮಾಣಿಕರಾವ ಕಾಕಾ ಅವರ ಪಾದಕ್ಕೆ ಅಪರಾಧಿಯ ಅಡ್ಡಬಿದ್ದ ನಮಸ್ಕಾರ.

"ಧೂಮಕೇತು ಮಂಗಳ ಗ್ರಹಕ್ಕೆ ಬಡಿಯುವ ಸಂಭವವಿದೆ, ಮಂಗಳ ದೋಷದ ಕನ್ಯೆಯರ ಲಗ್ನ ನಿಲ್ಲಿಸತಕ್ಕದ್ದು" ಎಂದು ಮೈಸೂರು ಸರ್ಕಾರದ ಹೆಸರಿನಲ್ಲಿ ತಮಾಷೆಗೆ ಸುಳ್ಳು ಹುಕುಂ ಬರೆದು ನಿಮ್ಮೂರ ಚಾವಡಿಗೆ ಅಂಟಿಸಿದವನು ನಾನೇ. ಹೊಸ ರಾಜ್ಯದಿಂದ ದಿನಕ್ಕೊಂದು ಕನ್ನಡ ಹುಕುಂ ಬರುತ್ತಿರುವುದರಿಂದ ಜನ ಇದನ್ನೂ ನಂಬಿದರು. ನೀವೂ ನಂಬಿ ನಮ್ಮ ಕಾವೇರಿಯಕ್ಕನ ಲಗ್ನ ನಿಲ್ಲಿಸಿದಿರಿ. ಆಕೆಯ ಜಾತಕದಲ್ಲೂ ಮಂಗಳವಿರುವುದು ನನಗೆ ನೆನಪಾಗಲಿಲ್ಲ.

ನಿನ್ನೆ ಅಕ್ಕನ ಮುಂದೆ ಎಲ್ಲ ಒಪ್ಪಿಕೊಂಡೆ. ಆಕೆ ನನ್ನ ತಲೆ ಸವರಿ, "ನನ್ನ ಸಮಾಧಾನಕ್ಕ ಸುಳ್ಳು ಹೇಳಬ್ಯಾಡೋ, ತಮ್ಮಾ" ಎಂದಳು.

ದಯಮಾಡಿ ಬರ್ರಿ, ಕಾಕಾ. ಅವಳೆದುರಿಗೇ ನನ್ನ ಕಿವಿ ಹಿಂಡಿರಿ. ಆಗಲಾದರೂ ನಂಬಿಯಾಳು.

ನಿಮ್ಮ ಶಿಕ್ಷೆಗೆ ಕಾದಿರುವ,
ದತ್ತಾತ್ರೇಯ